ಬುಟ್ಟಿ ಇಳಿಸದೆ ಡಿಜಿಟಲ್ ಮಾರಿದ್ದು

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದೆ, ಕೆಲವರಿಗೆ ವಿದೇಶ ಪ್ರಯಾಣ. ನನ್ನ ಜಾತಕದಲ್ಲಿ ಮಾತ್ರ ‘ಈತನು ಎಲ್ಲಿ ಲ್ಯಾಪ್‌ಟಾಪ್ ಬಿಚ್ಚುತ್ತಾನೋ ಅಲ್ಲಿ ಏನಾದರೊಂದು ಆಗತಕ್ಕದ್ದು’ ಎಂದು ಬರೆದಿರಬೇಕು. ಇಲ್ಲದಿದ್ದರೆ ಇಷ್ಟೆಲ್ಲ ಒಬ್ಬನಿಗೇ ಆಗುವುದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ನಾನು ಹದಿನೆಂಟು ವರ್ಷ ಕುಂದಾಪುರದಲ್ಲಿ ಪಂಪ್‌ಸೆಟ್ ಮಾರಿದವನು. ಮಾಲೀಕರು ವಯಸ್ಸಾಯಿತೆಂದು ಅಂಗಡಿ ಮುಚ್ಚಿದಾಗ ಬೆಂಗಳೂರಿನ ಒಂದು ಕಂಪನಿ ನನ್ನನ್ನು ಕರೆಯಿತು. ಪಂಚಾಯತಿನಂಥ ಸರ್ಕಾರಿ ಕಚೇರಿಗಳ ಕೆಲಸವನ್ನು ಮೊಬೈಲಿಗೆ ತರುವುದು ಹೇಗೆಂದು ಸಲಹೆ ಕೊಡುವ ಕಂಪನಿ. ಸಲಹೆ ಅವರದು, ಒಪ್ಪಿಸುವ ಕೆಲಸ ನನ್ನದು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ತಾಲೂಕಿನಲ್ಲಿ ನಿಮಗೆ ಎಷ್ಟು ಪಂಚಾಯತು ಗೊತ್ತು?” ಪಂಚಾಯತು ಹಾಗಿರಲಿ, ಅವುಗಳ ಬೋರ್‌ವೆಲ್ ಎಷ್ಟು ಅಡಿ ಎಂದೂ ಗೊತ್ತು ಎಂದೆ. ಮರುದಿನ ಕೆಲಸ ಸಿಕ್ಕಿತು.

ಪಂಪ್‌ಸೆಟ್ಟಿಗೆ ಒಂದು ಗುಣ ಇತ್ತು. ಸ್ವಿಚ್ ಹಾಕಿದರೆ ನೀರು ಬರುತ್ತಿತ್ತು, ಇಲ್ಲವೇ ಬರುತ್ತಿರಲಿಲ್ಲ. ಡಿಜಿಟಲ್ ಸೇವೆ ಹಾಗಲ್ಲ. ಬಂತೋ ಇಲ್ಲವೋ ಎಂದು ತಿಳಿಯಲು ಬೆಂಗಳೂರಿಗೆ ಫೋನ್ ಮಾಡಬೇಕು.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದಲೇ ಫೋನ್ ಬಂತು. ನಮ್ಮ ಮ್ಯಾನೇಜರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯವರು, ಕೆಟ್ಟ ಸುದ್ದಿಯನ್ನೂ ಉತ್ಸಾಹದಿಂದ ಹೇಳುವವರು. “ಸರ್, ಮಾರ್ಚ್ ಕೊನೆಯೊಳಗೆ ಒಂದು ಪಂಚಾಯತು. ಒಂದೇ ಒಂದು! ಸಹಿ, ಸೀಲು ಇರೋ ನಿರ್ಣಯದ ಪ್ರತಿ ಬೇಕು. ಇಲ್ಲಾಂದ್ರೆ ಕುಂದಾಪುರ ಆಫೀಸ್ ಕ್ಲೋಸ್. ಟೆನ್ಶನ್ ಬೇಡ, ನಿಮಗೆ ಕಲಬುರಗಿಯಲ್ಲಿ ಒಂದು ಜಾಗ ಇಟ್ಟಿದೀವಿ.”

ಕುಂದಾಪುರ ಆಫೀಸು ಎಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಮೇಜು ಮತ್ತು ನಾನು. ಮುಚ್ಚಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಕಲಬುರಗಿಯ ಮೇಲೆ ನನಗೆ ಸಿಟ್ಟಿಲ್ಲ, ಆ ಊರನ್ನು ನೋಡಿದವನೂ ಅಲ್ಲ. ಆದರೆ ಹೆಂಡತಿಯ ಟೈಲರಿಂಗ್ ಅಂಗಡಿಗೆ ಆಗಷ್ಟೇ ಗಿರಾಕಿ ಹಿಡಿದಿತ್ತು, ಮಗಳು ಒಂಬತ್ತನೇ ಕ್ಲಾಸು. ನಲವತ್ತೇಳನೇ ವಯಸ್ಸಿನಲ್ಲಿ ಒಬ್ಬನೇ ಹೋಗಿ ರೂಮು ಹಿಡಿಯುವುದನ್ನು ನೆನೆದರೆ ಹೆದರಿಕೆಯಾಗುತ್ತಿತ್ತು. ಹೆಂಡತಿಗೆ ಹೇಳಿದೆ. ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ ಒಂದೇ ಮಾತು ಕೇಳಿದಳು: “ಅಲ್ಲ್ ಮೀನ್ ಸಿಕ್ಕತ್ತಾ?”

ಬುಟ್ಟಿಯ ನಿಯಮ

ನಮ್ಮ ಬೀದಿಗೆ ಮೀನು ತರುವ ಅಕ್ಕ ಬೈಂದೂರು ಕಡೆಯ ಕಡಲ ತೀರದವರು. ಬೆಳಕು ಹರಿಯುವಾಗ ದಡದ ಹರಾಜಿನಲ್ಲಿ ಮೀನು ಹಿಡಿದು, ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದು, ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಮಾರಿ ಹೋಗುತ್ತಾರೆ. ಒಂದು ದಿನ ಗೇಟಿನ ಹತ್ತಿರ ನನ್ನ ಇಸ್ತ್ರಿ ಹಾಕಿದ ಶರ್ಟು ನೋಡಿ ನಿಂತರು.

“ಹ್ವಾಯ್, ನಿಮ್ದ್ ಈಗ ಎಂತ ಕೆಲ್ಸ?”

“ಬಿಸಿನೆಸ್ ಡೆವಲಪ್‌ಮೆಂಟ್ ಅಕ್ಕ.”

“ನಿಮ್ದೇ ಬಿಸಿನೆಸ್ಸಾ?”

“ಅಲ್ಲ, ಕಂಪನಿದ್.”

“ಎಂತ ಮಾರೂದ್?”

“ಮಾರೂದ್ ಅಂದ್ರೆ... ಪಂಚಾಯ್ತಿಗೆ ಸಲಹೆ ಕೊಡೂದ್. ಜನ ಆಫೀಸಿಗ್ ಹೋಗ್ದೇ ಮೊಬೈಲಂಗೇ ಕೆಲ್ಸ ಮುಗ್ಸೂ ಹಾಂಗೆ.”

“ಪಂಚಾಯ್ತಿಯೋರ್ ಬೇಕ್ ಅಂದೇಳಿ ಕೇಂಡಿದ್ರಾ?”

“ಇಲ್ಲ.”

ಅಕ್ಕ ಮೀನಿಗೆ ಪಾತ್ರೆ ಹಿಡಿದು ಬಂದಿದ್ದ ನನ್ನ ಹೆಂಡತಿಯ ಕಡೆಗೆ ತಿರುಗಿದರು. “ಕೇಣ್ದೇ ಇಪ್ಪೋರಿಗೆ ಕಣ್ಣಿಗ್ ಕಾಣ್ದೇ ಇಪ್ ಸಾಮಾನ್ ಮಾರೂದಂಬ್ರ್. ಇವ್ರಿಗ್ ಸಂಬ್ಳ ಬತ್ತಾ ಮಾರಾಯ್ತಿ?”

ಹೆಂಡತಿ ನಕ್ಕಳು. ನಾನು ನಗಲಿಲ್ಲ. ಅಕ್ಕನಿಗೆ ಪಾಪ ಎನಿಸಿತೋ ಏನೋ, ಹೋದಲ್ಲಿ ಹೇಗೆ ಮಾರುತ್ತೇನೆ ಎಂದು ಕೇಳಿದರು. ಹೋದ ಕೂಡಲೇ ಲ್ಯಾಪ್‌ಟಾಪ್ ತೆಗೆದು ಎಲ್ಲ ತೋರಿಸುತ್ತೇನೆ ಎಂದೆ.

“ಅಲ್ಲೇ ಹಾಳಾದ್ದ್ ಕಾಣಿ! ಬುಟ್ಟಿ ತಲಿ ಮೇಲೇ ಇರ್ಕ್. ‘ಎಂತ ಇತ್ತ್ ಅಕ್ಕ’ ಅಂದೇಳಿ ಅವ್ರೇ ಗೇಟಿಗ್ ಬರ್ಕ್. ಅವ್ರ್ ಕೇಂಬುದ್ರೊಳ್ಗೆ ಬುಟ್ಟಿ ಇಳ್ಸ್ರೆ, ಈಗ ಹಿಡ್ದ್ ತಂದ್ ಮೀನೂ ನಿನ್ನೆದ್ ಕಂಡಂಗ್ ಕಾಣತ್ತ್.”

ಇದೇ ವಿಷಯದ ಮೇಲೆ ಕಂಪನಿಯವರು ನನಗೆ ಬೆಂಗಳೂರಿನ ಹೋಟೆಲಿನಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದರು. ಅಕ್ಕ ಹೇಳಿದ್ದು ಅದಕ್ಕೆ ಪೂರಾ ಉಲ್ಟಾ. ಯೋಚಿಸಿ ನೋಡಿ ನಾನು ಕಂಪನಿಯ ಮಾತನ್ನೇ ನಂಬಿದೆ. ಅವರು ಸರ್ಟಿಫಿಕೇಟ್ ಕೊಟ್ಟಿದ್ದರು.

ಕೋರಂ ಬಸ್ಸು ಹತ್ತಿತು

ಆ ಫೋನು ಬಂದ ಮೇಲೆ ಮೊದಲು ಹೋದದ್ದು ಕುಂದಾಪುರ ತಾಲೂಕಿನದೇ ಆದ ಸಿದ್ದಾಪುರದ ಕಡೆಯ ಒಂದು ಪಂಚಾಯತಿಗೆ. ಅಧ್ಯಕ್ಷೆ ರಬ್ಬರ್ ತೋಟ ನೋಡಿಕೊಂಡು ಪಂಚಾಯತನ್ನೂ ನೋಡಿಕೊಳ್ಳುವ ಚುರುಕು ಹೆಂಗಸು. ಅಲ್ಲಿನ ಅಧಿಕಾರಿ, ಅಂದರೆ ಪಿಡಿಓ, ನಾನು ಪಂಪ್‌ಸೆಟ್ ಮಾರುವಾಗಿನಿಂದ ಪರಿಚಯ. ಹನ್ನೊಂದು ಸದಸ್ಯರಲ್ಲಿ ಆರು ಜನ ಬಂದಿದ್ದರು. ನಿರ್ಣಯ ಮಾಡಲು ಆರು ಜನ ಸಾಕು, ಅದಕ್ಕಿಂತ ಒಬ್ಬರು ಕಡಿಮೆಯಾದರೂ ಕೋರಂ ಇಲ್ಲ.

ನಾನು ತರಬೇತಿಯಲ್ಲಿ ಕಲಿತ ಹಾಗೆ ಒಳಗೆ ಹೋದವನೇ ಲ್ಯಾಪ್‌ಟಾಪ್ ಬಿಚ್ಚಿದೆ. ‘ಮನೆಯಲ್ಲೇ ಕುಳಿತು ಅರ್ಜಿ’ ಎಂಬ ಪುಟದ ಮೇಲೆ ಒತ್ತಿದೆ. ಒಂದು ಚಕ್ರ ತಿರುಗತೊಡಗಿತು. ಎಲ್ಲರೂ ಅದನ್ನೇ ನೋಡಿದರು. ಬೇರೆ ನೋಡಲು ಏನೂ ಇರಲಿಲ್ಲ.

ಪಿಡಿಓ ಮೆಲ್ಲಗೆ ಹೇಳಿದರು, “ಇಲ್ಲಿ ಸಿಗ್ನಲ್ ಇಲ್ಲ ಮಾರಾಯ್ರೆ. ಆಚಿ ತಿರ್ವಂಗೆ ಹಲ್ಸಿನ್ ಮರದಡಿಗ್ ಹೋರೆ ಎರ್ಡ್ ಕಡ್ಡಿ ಬತ್ತ್.”

ಸಭೆಯನ್ನು ಮರದಡಿಗೆ ಸ್ಥಳಾಂತರಿಸಲಾಯಿತು. ಅಧ್ಯಕ್ಷೆಗೆ ಒಂದು ಕುರ್ಚಿ, ಹಾಜರಿ ಪುಸ್ತಕಕ್ಕೆ ಇನ್ನೊಂದು. ಲ್ಯಾಪ್‌ಟಾಪನ್ನು ಅಧ್ಯಕ್ಷೆಯ ಸ್ಕೂಟರಿನ ಸೀಟಿನ ಮೇಲೆ ಇಟ್ಟೆ. ಚಕ್ರ ಇನ್ನೂ ತಿರುಗುತ್ತಿತ್ತು, ಆದರೆ ಈಗ ಸ್ವಲ್ಪ ಜೋರಾಗಿ ತಿರುಗುತ್ತಿದೆ ಎಂದು ನಾನು ಧೈರ್ಯ ಹೇಳಿದೆ. ಅಷ್ಟರಲ್ಲಿ ಕುಂದಾಪುರದ ಬಸ್ಸು ತಿರುವಿನಲ್ಲಿ ಬಂತು. ರಸ್ತೆ ಬದಿಗೆ ಎಂಟು ಜನ ನಿಂತದ್ದನ್ನು ಕಂಡು ಬಸ್ಸು ನಿಂತಿತು. ನಮ್ಮ ಕಡೆಯ ಬಸ್ಸು ಒಬ್ಬರು ನಿಂತಿದ್ದರೂ ನಿಲ್ಲುತ್ತದೆ.

ಕಂಡಕ್ಟರು ಮೆಟ್ಟಿಲ ಮೇಲಿಂದಲೇ ಕೂಗಿದರು, “ಎಲ್ಲಾ ಕುಂದಾಪ್ರಕಾ? ಬನ್ನಿ ಬನ್ನಿ, ಹಿಂದೆ ಸೀಟ್ ಇತ್ತ್!”

ಇಬ್ಬರು ಸದಸ್ಯರು ಗಡಿಯಾರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಹತ್ತಿದರು. ಅಧ್ಯಕ್ಷೆ ಬೆರಳು ಮಡಚಿ ಉಳಿದವರನ್ನು ಎಣಿಸಿ ಹಾಜರಿ ಪುಸ್ತಕ ಮುಚ್ಚಿದರು. “ಕೋರಂ ಬಸ್ಸಂಗ್ ಹೋಯ್ತ್. ಸಭೆ ಮುಗೀತ್.”

ಇಷ್ಟಾದರೆ ಬೇಸರ ಇರಲಿಲ್ಲ. ಬಸ್ಸು ನಿಂತದ್ದೇ ಪಿಡಿಓ ಒಂದು ಕಟ್ಟು ಕಾಗದವನ್ನು ಕಂಡಕ್ಟರ ಕೈಗೆ ಕೊಟ್ಟು, ಅವರಿಂದ ಇನ್ನೊಂದು ಕಟ್ಟು ತೆಗೆದುಕೊಂಡರು. ಏನದು ಎಂದು ಕೇಳಿದೆ.

“ಅರ್ಜಿ. ಊರೋರ್ ಬೆಳಿಗ್ಗೆ ಕಂಡಕ್ಟರ್ ಹತ್ರ ಕೊಟ್ಟ್ ಕಳಿಸ್ತ್ರ್. ಸೈನ್ ಆಯಿ ಮಧ್ಯಾಹ್ನದ್ ಟ್ರಿಪ್ಪಿಗ್ ವಾಪಾಸ್ ಹೋತ್ತ್. ಯಾರೂ ಆಫೀಸಿಗ್ ಬಪ್ಪುದೇ ಬ್ಯಾಡ.”

ನಾನು ಆರು ತಿಂಗಳಿಂದ ಮಾರಲು ತಿರುಗುತ್ತಿದ್ದ ಸೇವೆ ಆ ಊರಿಗೆ ಹದಿನೈದು ವರ್ಷದಿಂದ ಬಸ್ಸಿನಲ್ಲಿ ಬರುತ್ತಿತ್ತು. ನನ್ನ ಪ್ರತಿಸ್ಪರ್ಧಿ ಖಾಕಿ ಶರ್ಟು ಹಾಕಿ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

“ನೀವ್ ಬತ್ತಿಲ್ಯಾ?” ಎಂದು ನನ್ನನ್ನು ಕೇಳಿದರು.

ತೋರಿಸುವುದು ಇನ್ನೂ ಮುಗಿದಿಲ್ಲ ಎಂದೆ. ಅವರು ಬಗ್ಗಿ ಸ್ಕೂಟರಿನ ಮೇಲಿದ್ದ ಲ್ಯಾಪ್‌ಟಾಪ್ ನೋಡಿದರು. “ಸರಿ, ಅದ್ ತಿರ್ಗಿ ಮುಗ್ದ್ ಮೇಲೆ ಮುಂದಿನ್ ಬಸ್ಸಿಗ್ ಬನ್ನಿ,” ಎಂದು ಸೀಟಿ ಊದಿದರು.

ಹದಿನೇಳು ದೂರು

ಎರಡನೆಯದು ಬ್ರಹ್ಮಾವರ ತಾಲೂಕಿನಲ್ಲಿ, ಕೊಕ್ಕರ್ಣೆಗೆ ಹೋಗುವ ದಾರಿಯ ಒಂದು ಪಂಚಾಯತು. ಅಲ್ಲಿ ಸಿಗ್ನಲ್ ಇತ್ತು. ಹಾಗಾಗಿ ಮೊಬೈಲಿನಲ್ಲೇ ದೂರು ಕೊಡುವ ಸೇವೆಯನ್ನು ಒಂದು ತಿಂಗಳು ಪುಕ್ಕಟೆ ನೋಡಿ, ಇಷ್ಟವಾದರೆ ನಿರ್ಣಯ ಮಾಡಿ ಎಂದೆ. ಒಪ್ಪಿದರು.

ವಾರದೊಳಗೆ ಮ್ಯಾನೇಜರ ಫೋನು. “ಸರ್, ಸೂಪರ್! ಹದಿನೇಳು ದೂರು ಬಂದಿದೆ. ಹದಿನೇಳೂ ಕ್ಲೋಸ್! ನೂರಕ್ಕೆ ನೂರು ಸರ್!”

ಆ ಪಂಚಾಯತಿನಲ್ಲಿ ನೀರು, ಬೀದಿದೀಪ ಎರಡನ್ನೂ ನೋಡುವವನು ಒಬ್ಬನೇ ನೌಕರ. ಅವನು ವಾರದಲ್ಲಿ ಹದಿನೇಳು ಕೆಲಸ ಮಾಡಿದ ಎಂದರೆ ನನಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು. ಹೋಗಿ ನೋಡಿದೆ. ಹದಿನೇಳು ದೂರೂ ಒಂದೇ ಮೊಬೈಲಿನಿಂದ ಬಂದಿದ್ದವು. ಕಳಿಸಿದವರು ಊರಿನ ನಿವೃತ್ತ ಹೆಡ್‌ಮಾಸ್ಟರು. ಮೂವತ್ತು ವರ್ಷದಿಂದ ಇಡೀ ಊರಿಗೆ ಅರ್ಜಿ ಬರೆದುಕೊಡುವವರು ಅವರೇ. ನಮ್ಮ ಬೆಂಗಳೂರಿನವರು ದೂರು ಬರೆಯುವ ಬಾಕ್ಸಿನಲ್ಲಿ ನೂರು ಅಕ್ಷರಕ್ಕೆ ಮಾತ್ರ ಜಾಗ ಇಟ್ಟಿದ್ದರು. ಮಾಸ್ಟರ ನಮಸ್ಕಾರಕ್ಕೇ ಅದು ಸಾಲುತ್ತಿರಲಿಲ್ಲ. ಹಾಗಾಗಿ ಅವರು ಒಂದೇ ಅರ್ಜಿಯನ್ನು ಉಸಿರು ನಿಲ್ಲುವಲ್ಲೆಲ್ಲ ತುಂಡು ಮಾಡಿ, ಒಂದೊಂದು ತುಂಡನ್ನೂ ಒಂದೊಂದು ದೂರಾಗಿ ಕಳಿಸಿದ್ದರು.

ಮೊದಲನೆಯ ದೂರು: ‘ಮಾನ್ಯ ಅಧ್ಯಕ್ಷರು ಮತ್ತು ಸರ್ವ ಸದಸ್ಯರ ಸನ್ನಿಧಾನಕ್ಕೆ, ತಮ್ಮ ಗ್ರಾಮದ ನಿವೃತ್ತ ಮುಖ್ಯೋಪಾಧ್ಯಾಯನು ಮಾಡುವ.’ ಎರಡನೆಯದು: ‘ಅನಂತ ವಂದನೆಗಳು. ತಾವೆಲ್ಲರೂ ಕುಟುಂಬ ಸಮೇತ ಕ್ಷೇಮವೆಂದು ನಂಬಿರುತ್ತೇನೆ. ಅದಾಗಿ.’ ಮೂರರಿಂದ ಹದಿಮೂರರವರೆಗೆ ಆ ರಸ್ತೆಯ ಚರಿತ್ರೆ ಇತ್ತು. ಹದಿನಾಲ್ಕು: ‘ಮೇಲ್ಕಂಡ ಕಾರಣಗಳಿಂದ ತಮ್ಮಲ್ಲಿ ಸವಿನಯ ವಿನಂತಿ ಏನೆಂದರೆ.’ ಹದಿನೈದು: ‘ನಮ್ಮ ಮನೆಯ ಎದುರಿನ ಬೀದಿದೀಪ.’ ಹದಿನಾರು: ‘ಉರಿಯುತ್ತಿಲ್ಲ.’ ಹದಿನೇಳು: ‘ಇಂತಿ ತಮ್ಮ ವಿಶ್ವಾಸಿ.’

ನೌಕರನನ್ನು ಕರೆದು ಕೇಳಿದೆ, ಎಲ್ಲವನ್ನೂ ಕ್ಲೋಸ್ ಮಾಡಿದ್ದು ಹೇಗೆ ಎಂದು.

“ಒಂದೊಂದೇ ಓದ್ದೆ ಸಾರ್. ಒಂದ್ರಗೆ ನಮಸ್ಕಾರ ಇತ್ತ್, ಒಂದ್ರಗೆ ಕ್ಷೇಮ ಸಮಾಚಾರ. ಅದ್ರಗೆ ದೂರ್ ಎಲ್ಲಿತ್ತ್? ಕ್ಲೋಸ್ ಮಾಡ್ದೆ.”

“ಹದಿನೈದ್ನೇದ್ರಗೆ?”

“‘ನಮ್ಮ ಮನೆಯ ಎದುರಿನ ಬೀದಿದೀಪ’ ಅಂದೇಳಿ ಇತ್ತ್. ಹೌದ್, ಅಲ್ಲೊಂದ್ ದೀಪ ಇತ್ತ್. ನಾನೂ ಕಂಡಿದೆ.”

“ಹದಿನಾರು?”

“‘ಉರಿಯುತ್ತಿಲ್ಲ.’ ಎಂತ ಉರೂದಿಲ್ಲ ಅಂದೇಳಿ ಬರೀಲೇ ಇಲ್ಲ ಸಾರ್. ನಾನ್ ಎಲ್ಲ್ ಹೋಯ್ ಹುಡ್ಕೂದ್?”

ಮಾಸ್ಟರ ಮನೆಗೂ ಹೋದೆ. ದೀಪ ಉರಿಯುತ್ತಿರಲಿಲ್ಲ. ಅವರಿಗೆ ಅದರ ಬಗ್ಗೆ ಬೇಸರ ಇರಲಿಲ್ಲ, ಬಾಕ್ಸಿನ ಬಗ್ಗೆ ಇತ್ತು. “ಕ್ಷೇಮ ಕೇಣ್ದೇ ದೂರ್ ಹೇಳುಕೆ ನಾವೆಂತ ಜಗಳಕ್ ಹೊರಟೋರಾ?” ಎಂದು ಕಾಫಿ ಕೊಟ್ಟರು.

ತಿಂಗಳ ಕೊನೆಗೆ ಪಂಚಾಯತಿನ ಅಧ್ಯಕ್ಷರು ನಮ್ಮ ಕಂಪನಿಯೇ ಕಳಿಸಿದ ವರದಿಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದರು. “ಭಾರೀ ಲಾಯ್ಕಿತ್ತ್ ನಿಮ್ ಸೇವೆ. ಬಂದದ್ ಹದಿನೇಳ್ ದೂರೂ ಮುಗ್ದಿತ್ತ್. ಇನ್ನ್ ದೂರೇ ಬಾಕಿ ಇಲ್ಲ ಅಂದ್ಮೇಲೆ ನಮ್ಗೆ ಇದ್ ಎಂತಕೆ?”

ಹರಾಜಿನ ದನಿ

ಬೈಂದೂರು ಕಡೆ ಕಡಲ ತೀರದ ಪಂಚಾಯತಿನಲ್ಲಿ ಬೇರೆ ಸೇವೆ ತೋರಿಸಿದೆ. ಊರಿಗೆ ತಿಳಿಸಬೇಕಾದ ವಿಷಯವನ್ನು ಒಬ್ಬರ ದನಿಯಲ್ಲಿ ರೆಕಾರ್ಡ್ ಮಾಡಿಟ್ಟರೆ ಒಂದೇ ಸಲಕ್ಕೆ ಎಲ್ಲರ ಮೊಬೈಲಿಗೆ ಕರೆ ಹೋಗುತ್ತದೆ. ಓದು ಬಾರದವರಿಗೂ ಅನುಕೂಲ. ಇದು ನಿಜವಾಗಿಯೂ ಒಳ್ಳೆಯ ಸೇವೆ, ಈಗಲೂ ಹೇಳುತ್ತೇನೆ.

ಪರೀಕ್ಷೆಗೆ ಒಂದು ಸಂದೇಶ ಬೇಕಾಗಿತ್ತು. ಮರುದಿನ ನೀರಿನ ಟ್ಯಾಂಕ್ ತೊಳೆಯುವುದಿತ್ತು. ‘ಇವತ್ತು ನಳ್ಳಿಯಲ್ಲಿ ನೀರು ಬರುವುದಿಲ್ಲ’ ಎಂದು ಹೇಳೋಣ ಎಂದಾಯಿತು. ಯಾರ ದನಿ? ಸದಸ್ಯರೊಬ್ಬರಿಗೆ ಭಾರೀ ಗಟ್ಟಿ, ಸ್ಪಷ್ಟ ಕಂಠ. ದಡದಲ್ಲಿ ದಿನಾ ಮೀನು ಹರಾಜು ಕೂಗುವವರು. ಒಂದೇ ಸಲಕ್ಕೆ ರೆಕಾರ್ಡ್ ಆಯಿತು. ಜನ ನಳ್ಳಿ ತಿರುಗಿಸುವ ಮೊದಲೇ ಗೊತ್ತಾಗಲಿ ಎಂದು ಬೆಳಿಗ್ಗೆ ಐದೂವರೆಗೆ ಕರೆ ಇಟ್ಟೆವು.

ನಮಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು, ಅಥವಾ ಎಲ್ಲರಿಗೂ ಎಷ್ಟು ಗೊತ್ತಿತ್ತೆಂದರೆ ಯಾರೂ ಹೇಳಲಿಲ್ಲ. ಹೊತ್ತಿಗೆ ಮುಂಚೆ ದೋಣಿ ತುಂಬ ಮೀನು ಬಂದರೆ ಈ ಹರಾಜಿನವರು ಮೀನು ಮಾರುವ ಹೆಂಗಸರಿಗೆ ಫೋನ್ ಮಾಡುವುದು ವಾಡಿಕೆ. ಫೋನಿನಲ್ಲಿ ಅವರ ದನಿ ಕೇಳಿದರೆ ಸಾಕು, ಮುಂದಿನ ಮಾತಿಗೆ ಯಾರೂ ಕಾಯುವುದಿಲ್ಲ. ಕಾದವರಿಗೆ ಮೀನು ಉಳಿಯುವುದಿಲ್ಲ.

ಐದೂವರೆಗೆ ಕರೆ ಹೋಯಿತು. ಐದು ಮುಕ್ಕಾಲಿಗೆ ದಡದ ತುಂಬ ಹೆಂಗಸರು, ಬುಟ್ಟಿಗಳು, ಎರಡು ಐಸಿನ ರಿಕ್ಷಾ. ಕಡಲಿನಲ್ಲಿ ದೋಣಿಯ ಸುಳಿವಿಲ್ಲ. ಹರಾಜಿನವರು ಮನೆಯಲ್ಲಿ ಮಲಗಿದ್ದರು. ಅವರ ಮನೆಗೂ ಕರೆ ಹೋಗಿ, ಅವರ ಹೆಂಡತಿಯೂ ಬುಟ್ಟಿ ಹಿಡಿದು ದಡದಲ್ಲಿದ್ದರು. ಗಂಡ ಪಕ್ಕದಲ್ಲೇ ಮಲಗಿದ್ದು ಅವರ ಗಮನಕ್ಕೆ ಬಂದಿರಲಿಲ್ಲ. ಎಲ್ಲರೂ ಮರಳು ಮೆತ್ತಿದ ಕಾಲಲ್ಲಿ ಮನೆಗೆ ಬಂದು ನಳ್ಳಿ ತಿರುಗಿಸಿದರು. ನೀರು ಇಲ್ಲ. ಪಂಚಾಯತಿಗೆ ಫೋನ್ ಮಾಡಿ ಬೈದರು. ಬೆಳಿಗ್ಗೆಯೇ ತಿಳಿಸಿದ್ದೇವಲ್ಲ ಎಂದು ಪಂಚಾಯತಿನವರು ಹೇಳಿದರಂತೆ. ಆಮೇಲಿನ ಮಾತುಗಳನ್ನು ಇಲ್ಲಿ ಬರೆಯಲಾರೆ.

ನಮ್ಮ ಬೀದಿಯ ಮೀನಿನ ಅಕ್ಕನೂ ಓಡಿದವರಲ್ಲಿ ಒಬ್ಬರು. ಆ ದಿನ ಗೇಟಿನ ಹತ್ತಿರ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು. “ನಿಮ್ ಮೊಬೈಲ್ ಸೇವೆ ಕಂಡೆ ಮಾರಾಯ್ರೆ. ಕೂಗೂದ್ ಜೋರಿತ್ತ್, ದೋಣಿ ಮಾತ್ರ ಇಲ್ಲ!”

ಮಾರ್ಚಿನ ಕೊನೆಯ ದಿನ

ಹೀಗೆ ಎರಡು ತಾಲೂಕು ಮುಗಿದವು. ಉಳಿದದ್ದು ಸಿದ್ದಾಪುರದ ಕಡೆಯ ಕೋರಂ ತಪ್ಪಿದ ಪಂಚಾಯತು. ಮಾರ್ಚಿನ ಕೊನೆಯ ದಿನ ಮತ್ತೆ ಸಭೆ ಕರೆಯಲು ಅಧ್ಯಕ್ಷೆ ಒಪ್ಪಿದರು. ಸಂಜೆ ಐದರೊಳಗೆ ನಿರ್ಣಯದ ಪ್ರತಿ ಬೆಂಗಳೂರಿಗೆ ತಲುಪಬೇಕು, ಐದು ದಾಟಿದರೆ ಕಲಬುರಗಿ. ಹೆಂಡತಿ ಅಷ್ಟರಲ್ಲಿ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಇಟ್ಟಿದ್ದಳು. ಸುಮ್ಮನೆ, ವಾಸನೆ ಹೋಗಲಿ ಎಂದಳು. ನನಗೆ ಅದನ್ನು ನೋಡಲು ಆಗಲಿಲ್ಲ, ಹಿಂದಿನ ಬಾಗಿಲಿನಿಂದ ಹೊರಟೆ.

ಈ ಸಲ ನಾನು ಒಂದು ಬುದ್ಧಿ ಕಲಿತಿದ್ದೆ. ಒಂದೂಕಾಲರ ಬಸ್ಸು ಹೋದ ಮೇಲೆ, ಒಂದೂವರೆಗೆ ಸಭೆ ಇಡಿಸಿದೆ. ಮುಂದಿನ ಬಸ್ಸು ಎರಡು ಮುಕ್ಕಾಲಿಗೆ. ಅಲ್ಲಿಯವರೆಗೆ ಕೋರಂ ಎಲ್ಲಿಗೂ ಹೋಗುವ ಹಾಗಿಲ್ಲ.

ಇನ್ನೊಂದು ಬುದ್ಧಿ ಮೀನಿನ ಅಕ್ಕನದು. ಬೇರೆ ದಾರಿ ಇಲ್ಲದ್ದರಿಂದ ಅದನ್ನೂ ನೋಡೋಣ ಎಂದುಕೊಂಡೆ. ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಜಿಪ್ಪು ತೆಗೆಯದೆ ಸುಮ್ಮನೆ ಕುಳಿತೆ. ಗೋಳಿಬಜೆ ಬಂತು, ತಿಂದೆ. ಚಾ ಬಂತು, ಕುಡಿದೆ. ಹತ್ತು ನಿಮಿಷ ಆಯಿತು. ಸದಸ್ಯರು ಚೀಲವನ್ನು ನೋಡತೊಡಗಿದರು.

ಕೊನೆಗೆ ಹಿರಿಯ ಸದಸ್ಯರೊಬ್ಬರು ತಡೆಯಲಾರದೆ ಕೇಳಿದರು, “ಎಂತ ಮಾರಾಯ್ರೆ, ಇವತ್ತ್ ಎಂತದೂ ತೋರ್ಸುದಿಲ್ಯಾ?”

“ನಿಮ್ಗೆ ಬೇಕಾರೆ ಮಾತ್ರ,” ಎಂದೆ.

“ಬ್ಯಾಡ ಅಂದೇಳಿ ಅಲ್ಲ. ಆರೆ ನಮ್ ಕಂಡಕ್ಟರ್ರ್ ಎಲ್ಲಾ ತಂದ್ ಕೊಡ್ತ್ರ್ ಅಲೆ?”

“ಹೌದ್,” ಎಂದೆ. “ಕಂಡಕ್ಟರ್ರ್ ರಜೆ ಹಾಕ್ರೆ ಎಂತ ಮಾಡ್ತ್ರಿ?”

ಪಿಡಿಓ ಕನ್ನಡಕ ತೆಗೆದರು. ಹಿಂದಿನ ತಿಂಗಳು ಕಂಡಕ್ಟರು ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದಾಗ ಇಡೀ ಪಂಚಾಯತು ನಾಲ್ಕು ದಿನ ಸುಮ್ಮನೆ ಕುಳಿತಿತ್ತೆಂದು ಆಗ ಗೊತ್ತಾಯಿತು. ಅಧ್ಯಕ್ಷೆ ಮೇಜು ತಟ್ಟಿದರು. “ಹೌದಲೆ! ಅವ್ರಿಗ್ ಇನ್ನೂ ಇಬ್ರ್ ತಂಗಿಯರ್ ಇದ್ರ್! ಬರೀರಿ ನಿರ್ಣಯ.”

ಪಿಡಿಓ ಬರೆದರು: ‘ಮಾನ್ಯ ಕಂಡಕ್ಟರರು ರಜೆಯ ಮೇಲಿರುವ ದಿನಗಳಂದು ಡಿಜಿಟಲ್ ಸೇವೆಯನ್ನು ಬಳಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು.’ ಆರು ಜನ ಸಹಿ ಹಾಕಿದರು. ಸೀಲು ಬಿತ್ತು. ಲ್ಯಾಪ್‌ಟಾಪ್ ಚೀಲದಿಂದ ಹೊರಗೇ ಬಂದಿರಲಿಲ್ಲ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಕಣ್ಣೊರೆಸಿಕೊಳ್ಳೋಣ ಎಂದರೆ ಕೈಯೆಲ್ಲ ಗೋಳಿಬಜೆಯ ಎಣ್ಣೆ. ತೊಳೆಯಲು ಹಿಂದಿನ ನಳ್ಳಿಗೆ ಹೋದೆ. ಎದುರಿನಲ್ಲಿ ಬಸ್ಸು ನಿಂತು ಹೋದ ಸದ್ದು ಕೇಳಿತು.

ಒಳಗೆ ಬಂದು ಕೈ ಚಾಚಿದೆ. “ಪ್ರತಿ ಕೊಡಿ.”

“ಬಸ್ಸಿಗ್ ಕೊಟ್ಟಾಯ್ತಲೆ,” ಎಂದರು ಪಿಡಿಓ.

“ಯಾರಿಗ್?”

“ನಿಮ್ಗೇ.”

“ನಾನ್ ಇಲ್ಲೇ ಇದ್ನಲೆ ಮಾರಾಯ್ರೆ!”

ಪಿಡಿಓ ನನ್ನನ್ನು ಒಮ್ಮೆ, ಬಾಗಿಲನ್ನು ಒಮ್ಮೆ ನೋಡಿದರು. ಅವರ ಮುಖ ಸಣ್ಣದಾಯಿತು. “ಬಸ್ ಬಂದ್ ನಿಂತ್ ಕೂಡ್ಲೆ ಕೈ ಅದಾಗೇ ಹೋಯ್ತ್. ಕುಂದಾಪ್ರದ್ ಕಾಗ್ದ ಅಂದ್ರೆ ಬಸ್ಸಿಗ್ ಕೊಟ್ಟೇ ಅಭ್ಯಾಸ.”

ಇನ್ನೊಂದು ಪ್ರತಿಗೆ ಸಹಿ ಹಾಕಿಸೋಣ ಎಂದರೆ ಇಬ್ಬರು ಸದಸ್ಯರೂ ಅದೇ ಬಸ್ಸಿಗೆ ಹೋಗಿದ್ದರು. ನಾನು ಹಲಸಿನ ಮರದಡಿಗೆ ಓಡಿದೆ. ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ಕಂಡಕ್ಟರಿಗೆ ಫೋನ್ ಸಿಕ್ಕಿತು. “ಹ್ವಾಯ್, ಅದ್ ಐದ್ ಗಂಟೆಯೊಳ್ಗೆ ನಮ್ಮನಿಗ್ ಎತ್ತ್ಕ್! ಯಾರ್ ಹತ್ರ ಆರೂ ಕೊಡಿ, ನನ್ ಹೆಂಡ್ತಿ ಫೋಟೋ ಹೊಡ್ದ್...” ಅಷ್ಟರಲ್ಲಿ ಕಡ್ಡಿ ಎರಡೂ ಹೋದವು. ಕಾಗದ ಬಂದ ಕೂಡಲೇ ಫೋಟೋ ಹೊಡೆದು ಮ್ಯಾನೇಜರಿಗೆ ಕಳಿಸು ಎಂದು, ಅವರ ನಂಬರಿನ ಜೊತೆ, ಹೆಂಡತಿಗೆ ಒಂದು ಮೆಸೇಜು ಒತ್ತಿದೆ. ಅದು ಹೋಯಿತೋ ಇಲ್ಲವೋ, ಚಕ್ರ ತಿರುಗುತ್ತಿತ್ತು.

ಮುಂದಿನ ಬಸ್ಸಿನಲ್ಲಿ ಕುಳಿತು ಬಂದ ಆ ಒಂದೂಕಾಲು ಗಂಟೆ ನನ್ನ ಜೀವನದಲ್ಲೇ ಉದ್ದ. ಹದಿನೆಂಟು ವರ್ಷ ಪಂಪ್‌ಸೆಟ್ ಮಾರಿದವನಿಗೆ ಒಂದು ಹಾಳೆ ಕಾಗದವನ್ನು ಕೈಯಲ್ಲಿ ಹಿಡಿದುಕೊಳ್ಳಲು ಬರಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಐದಕ್ಕೆ ಐದು ನಿಮಿಷ ಇರುವಾಗ, ಬಸ್ಸು ಪೇಟೆಯ ಹತ್ತಿರ ಬಂದಾಗ ಫೋನ್ ಹೊಡೆದುಕೊಂಡಿತು. ಮ್ಯಾನೇಜರು.

“ಸರ್, ಬಂತು! ಕುಂದಾಪುರ ಆಫೀಸ್ ಸೇಫ್! ಸಹಿ ಇದೆ, ಸೀಲಿದೆ. ಸೀಲಿನ ಪಕ್ಕದಲ್ಲಿ ಬೆಳ್ಳಿ ಥರ ಗುಂಡಗೆ ಹೊಳೀತಾ ಇದೆಯಲ್ಲ, ಅದು ಹೊಲೊಗ್ರಾಮ್ ಅಲ್ವಾ ಸರ್?”

ನನಗೆ ಏನೂ ಗೊತ್ತಿರಲಿಲ್ಲ. “ಇರಬಹುದು ಸರ್,” ಎಂದೆ.

“ಬೇರೆ ಯಾವ ಜಿಲ್ಲೆಯವರೂ ಇಷ್ಟು ಸೆಕ್ಯೂರಿಟಿ ಮಾಡಿಲ್ಲ ಸರ್! ಗ್ರೇಟ್!”

ಮನೆಗೆ ಹೋದ ಮೇಲೆ ಹೆಂಡತಿ ನಡೆದದ್ದನ್ನು ಹೇಳಿದಳು. ಕಂಡಕ್ಟರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಿದಾಗ ಸಂಜೆಯ ಸುತ್ತಿಗೆ ಹೊರಟಿದ್ದ ಮೀನಿನ ಅಕ್ಕ ಕಂಡಿದ್ದಾರೆ. ನಮ್ಮ ಬೀದಿಗೆ ಹೋಗುವವರು ಅವರೇ ತಾನೇ. ಅಕ್ಕ ಕಾಗದವನ್ನು ಗಾಳಿಗೆ ಹಾರದಂತೆ ಜೋಪಾನವಾಗಿ ಬುಟ್ಟಿಯೊಳಗೆ ಇಟ್ಟುಕೊಂಡು, ದಾರಿಯಲ್ಲಿ ಒಬ್ಬರಿಗೂ ಬುಟ್ಟಿ ಇಳಿಸದೆ ನೇರ ನಮ್ಮ ಮನೆಗೆ ಬಂದಿದ್ದಾರೆ. ಅಷ್ಟರಲ್ಲಿ ನನ್ನ ಮೆಸೇಜು ತಲುಪಿದ್ದರಿಂದ ಹೆಂಡತಿ ಮೊಬೈಲಿನಲ್ಲಿ ಫೋಟೋ ಹೊಡೆದು ಮ್ಯಾನೇಜರಿಗೆ ಕಳಿಸಿದ್ದಾಳೆ.

ನಿರ್ಣಯ ಮೇಜಿನ ಮೇಲಿತ್ತು. ದೂರದಿಂದಲೇ ವಾಸನೆ ಗೊತ್ತಾಗುತ್ತಿತ್ತು. ಸೀಲಿನ ಪಕ್ಕದಲ್ಲಿ ಭೂತಾಯಿ ಮೀನಿನ ಮೈಮೇಲಿನ ಒಂದು ಹುರುಪೆ, ಬೆಳ್ಳಿಯ ಹಾಗೆ ಹೊಳೆಯುತ್ತಾ, ಭದ್ರವಾಗಿ ಅಂಟಿಕೊಂಡಿತ್ತು. ಸೂಟ್‌ಕೇಸು ಅಷ್ಟರಲ್ಲಿ ಅಟ್ಟಕ್ಕೆ ವಾಪಸು ಹೋಗಿತ್ತು.

ಈಗ ಕಂಪನಿಯವರು ಎಲ್ಲ ಜಿಲ್ಲೆಗೂ ಹೊಸ ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ಸಹಿ, ಸೀಲು ಆದ ಮೇಲೆ ಮೂರನೆಯ ಸಾಲು: ‘ಹೊಲೊಗ್ರಾಮ್ (ಕುಂದಾಪುರ ಮಾದರಿ), ಕಡ್ಡಾಯ.’

ಹೋದ ವಾರ ಕೊಕ್ಕರ್ಣೆ ದಾರಿಯ ಪಂಚಾಯತು ಕೂಡ ಒಪ್ಪಿತು. ಮಾಸ್ಟರಿಗಾಗಿ ಬಾಕ್ಸಿನ ಜಾಗ ಹೆಚ್ಚಿಸಿಕೊಟ್ಟೆವು. ನಿರ್ಣಯವನ್ನು ಈ ಸಲ ನಾನೇ ಕೈಯಲ್ಲಿ ಹಿಡಿದು ತಂದೆ. ಮರುದಿನ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಗೇಟಿನ ಹತ್ತಿರ ಕಾದು ನಿಂತೆ. ಮೀನಿನ ಅಕ್ಕ ಬಂದರು. ಬುಟ್ಟಿ ತಲೆಯ ಮೇಲೆಯೇ ಇತ್ತು. ನಾನೇ ಮೊದಲು ಕೇಳಿದೆ.

“ಅಕ್ಕ, ಭೂತಾಯಿ ಇತ್ತಾ?”

“ಇತ್ತ್,” ಎಂದು ಅಕ್ಕ ಗೆದ್ದವರ ಹಾಗೆ ಬುಟ್ಟಿ ಇಳಿಸಿದರು. “ಎಷ್ಟ್ ಬೇಕ್?”

“ಮೀನ್ ಬ್ಯಾಡ ಅಕ್ಕ, ಒಂದ್ ಹುರುಪೆ ಸಾಕ್.”